ಮೋಟಾರ್ ಸೈಕಲ್ಲಿನ ಬ್ಯಾಟರಿ: ಗಳಿಕೆ ಮತ್ತು ಖರ್ಚಿನ ಲೆಕ್ಕ

ಕೋಲಾರ ತಾಲ್ಲೂಕಿನ ಸುಗಟೂರು ಹೋಬಳಿಯ ಯಾವ ಹಳ್ಳಿಗೆ ಹೋದರೂ ಮನೆಯ ಜಗಲಿಯ ಪಕ್ಕದಲ್ಲಿ ಒಂದು ಮೋಟಾರ್ ಸೈಕಲ್ ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಎಷ್ಟೋ ಕೆಲಸಗಳನ್ನು ಇಂದು ಅದೇ ಮಾಡುತ್ತಿದೆ. ಬೆಳಗ್ಗೆ ಮತ್ತು ಸಂಜೆ ಡೇರಿಗೆ ಹಾಲಿನ ಕ್ಯಾನು, ಹೊಲದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ, ಮಾರುಕಟ್ಟೆಗೆ ರೇಷ್ಮೆಗೂಡು, ಶಾಲೆಗೆ ಮಕ್ಕಳು, ಆಸ್ಪತ್ರೆಗೆ ಹಿರಿಯರು, ಎಲ್ಲರೂ ಎಲ್ಲವೂ ಅದರ ಮೇಲೆಯೇ ಸಾಗುತ್ತಾರೆ. ಇಂತಹ ಗಾಡಿಯು ಒಂದು ಮುಂಜಾನೆ ಸೆಲ್ಫ್ ಗುಂಡಿ ಒತ್ತಿದಾಗ ಕೇವಲ 'ಕಟ ಕಟ' ಎಂದು ಸದ್ದು ಮಾಡಿ ಸುಮ್ಮನಾದರೆ, ಆ ದಿನದ ಹಾಲು ಹೊತ್ತಿಗೆ ಸರಿಯಾಗಿ ಡೇರಿ ಸೇರುವುದಿಲ್ಲ. ರಾತ್ರಿಯ ಹೊತ್ತು ಕೆರೆಯ ಏರಿಯ ಮೇಲೆ ದೀಪ ಮಂಕಾದರೆ ಸವಾರನ ಪ್ರಾಣಕ್ಕೇ ಸಂಚಕಾರ.

ಹೀಗಾದಾಗ ನಮ್ಮಲ್ಲಿ ಬಹುಮಂದಿ ಮಾಡುವುದು ಒಂದೇ ಕೆಲಸ. ಅಂಗಡಿಗೆ ಹೋಗಿ ಹೊಸ ಬ್ಯಾಟರಿ ತರುವುದು. ಅದೂ ಆರೇಳು ತಿಂಗಳಲ್ಲಿ ಸತ್ತಾಗ ಕಂಪನಿಯನ್ನು ಬಯ್ದು ಮತ್ತೊಂದನ್ನು ತರುವುದು. ಆದರೆ ಬ್ಯಾಟರಿಯು ಅಂಗಡಿಯಲ್ಲಿ ಒಮ್ಮೆ ತುಂಬಿಸಿ ಕೊಡುವ ಸೀಮೆಎಣ್ಣೆಯ ಡಬ್ಬಿಯಲ್ಲ. ದಿನದಿನವೂ ಖರ್ಚಾಗುತ್ತ, ದಿನದಿನವೂ ತುಂಬುತ್ತ ಇರಬೇಕಾದ ಕಣಜ ಅದು. ತುಂಬುವ ಏರ್ಪಾಡು ಗಾಡಿಯೊಳಗೇ ಇದೆ. ಆ ಏರ್ಪಾಡು ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಮನೆಯವರೆಲ್ಲ ತಿಳಿದಿದ್ದರೆ ಹಣವೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ. ಆ ಉದ್ದೇಶದಿಂದಲೇ ಈ ಲೇಖನವನ್ನು ಓದುಗರ ಮುಂದಿಡುತ್ತಿದ್ದೇವೆ.

ಶಿವನಸಮುದ್ರದ ಪಾಠ

ವಿದ್ಯುತ್ತಿನ ಕತೆ ಕೋಲಾರ ಸೀಮೆಯವರಿಗೆ ಹೊಸದೇನಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ತಂತಿಯ ಮೇಲೆ ನೂರಕ್ಕೂ ಹೆಚ್ಚು ಕಿಲೋಮೀಟರು ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿದ್ದು ಅನಂತರ, 1905ರಲ್ಲಿ. ರಾಜಧಾನಿಗಿಂತ ಮೊದಲೇ ಈ ಜಿಲ್ಲೆಯ ಗಣಿಗಳು ವಿದ್ಯುತ್ತಿನ ಬಲವನ್ನು ಕಂಡಿದ್ದವು ಎಂಬುದು ಹೆಮ್ಮೆಯ ಸಂಗತಿ.

ಶಿವನಸಮುದ್ರದಲ್ಲಿ ನಡೆದದ್ದು ಏನು? ಎತ್ತರದಿಂದ ಧುಮುಕುವ ಕಾವೇರಿಯ ನೀರು ಚಕ್ರವನ್ನು ತಿರುಗಿಸಿತು. ಆ ಚಕ್ರವು ಅಯಸ್ಕಾಂತವನ್ನೂ ತಂತಿಯ ಸುರುಳಿಯನ್ನೂ ಒಂದರ ಎದುರು ಒಂದು ಚಲಿಸುವಂತೆ ಮಾಡಿತು. ತಾಮ್ರದ ಸುರುಳಿಯ ಎದುರಿಗೆ ಅಯಸ್ಕಾಂತ ಚಲಿಸಿದರೆ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟಿದ್ದ. ಚಲನೆ ನಿಂತರೆ ವಿದ್ಯುತ್ತೂ ನಿಲ್ಲುತ್ತದೆ. ಚಲನೆಯ ವೇಗ ಹೆಚ್ಚಿದರೆ ವಿದ್ಯುತ್ತಿನ ಒತ್ತಡವೂ ಹೆಚ್ಚುತ್ತದೆ. ಲೋಕದ ದೊಡ್ಡ ದೊಡ್ಡ ಜಲವಿದ್ಯುದಾಗಾರಗಳೂ ನಮ್ಮ ಜಗಲಿಯ ಪಕ್ಕದ ಮೋಟಾರ್ ಸೈಕಲ್ಲೂ ನಡೆಯುವುದು ಈ ಒಂದೇ ನಿಯಮದ ಮೇಲೆ. ಅಲ್ಲಿ ತಿರುಗಿಸುವುದು ನೀರು, ಇಲ್ಲಿ ತಿರುಗಿಸುವುದು ಪೆಟ್ರೋಲಿನ ಎಂಜಿನ್, ವ್ಯತ್ಯಾಸ ಇಷ್ಟೇ.

ಗಾಡಿಯೊಳಗಿನ ವಿದ್ಯುದಾಗಾರ

ಎಂಜಿನ್ನಿನ ಒಳಗೆ ಪಿಸ್ಟನ್ ಮೇಲೆ ಕೆಳಗೆ ಆಡಿದಾಗ ಕ್ರ್ಯಾಂಕ್ ತಿರುಗುತ್ತದೆ. ಈ ಕ್ರ್ಯಾಂಕಿನ ಒಂದು ತುದಿಗೆ, ಸಾಮಾನ್ಯವಾಗಿ ಗಾಡಿಯ ಎಡಬದಿಯ ದುಂಡನೆಯ ಮುಚ್ಚಳದ ಹಿಂದೆ, ಬೋಗುಣಿಯ ಆಕಾರದ ಒಂದು ಉಕ್ಕಿನ ಚಕ್ರವಿರುತ್ತದೆ. ಅದರ ಒಳಮೈಗೆ ಶಾಶ್ವತ ಅಯಸ್ಕಾಂತಗಳನ್ನು ಕೂರಿಸಿರುತ್ತಾರೆ. ನಮ್ಮ ಮೆಕ್ಯಾನಿಕ್ಕುಗಳು 'ಮ್ಯಾಗ್ನೆಟ್' ಎಂದು ಕರೆಯುವುದು ಇದನ್ನೇ. ಈ ಬೋಗುಣಿಯ ಒಳಗೆ, ಅಲುಗಾಡದಂತೆ ಬಿಗಿದ ಕಬ್ಬಿಣದ ಹಲ್ಲುಗಳ ಮೇಲೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಇದು 'ಕಾಯಿಲ್ ಪ್ಲೇಟ್'. ಎಂಜಿನ್ ಓಡಿದಷ್ಟು ಹೊತ್ತೂ ಮ್ಯಾಗ್ನೆಟ್ ಈ ಸುರುಳಿಗಳ ಸುತ್ತ ತಿರುಗುತ್ತಲೇ ಇರುತ್ತದೆ, ಸುರುಳಿಗಳಲ್ಲಿ ವಿದ್ಯುತ್ತು ಹುಟ್ಟುತ್ತಲೇ ಇರುತ್ತದೆ.

ಆದರೆ ಹೀಗೆ ಹುಟ್ಟಿದ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ಕೊಡುವಂತಿಲ್ಲ. ಅದಕ್ಕೆ ಎರಡು ದೋಷಗಳಿವೆ. ಮೊದಲನೆಯದು, ಅಯಸ್ಕಾಂತದ ಉತ್ತರ ಧ್ರುವ ಒಮ್ಮೆ, ದಕ್ಷಿಣ ಧ್ರುವ ಒಮ್ಮೆ ಸುರುಳಿಯನ್ನು ದಾಟುವುದರಿಂದ ವಿದ್ಯುತ್ತು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹರಿಯುತ್ತದೆ. ಇದು ಪರ್ಯಾಯ ವಿದ್ಯುತ್ತು. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತು. ಎರಡನೆಯದು, ಎಂಜಿನ್ನಿನ ವೇಗ ಒಂದೇ ಸಮನಾಗಿ ಇರುವುದಿಲ್ಲ. ಗಾಡಿ ನಿಂತು ಗುಡುಗುಡು ಎನ್ನುವಾಗ ಒತ್ತಡ ಕಡಿಮೆ, ಹೆದ್ದಾರಿಯಲ್ಲಿ ಓಡುವಾಗ ತೀರ ಹೆಚ್ಚು. ಹೊರೆಯಿಲ್ಲದ ಸುರುಳಿಯಲ್ಲಿ ಅದು 50 ವೋಲ್ಟನ್ನೂ ಮೀರಬಲ್ಲದು. 12 ವೋಲ್ಟಿನ ಬ್ಯಾಟರಿಗೆ ಇದನ್ನು ತಡೆದುಕೊಳ್ಳುವ ಶಕ್ತಿಯಿಲ್ಲ.

ಈ ಎರಡು ದೋಷಗಳನ್ನೂ ನೀಗುವುದಕ್ಕಾಗಿ ನಡುವೆ ಒಂದು ಪುಟ್ಟ ಪೆಟ್ಟಿಗೆಯಿದೆ. ಮೈಮೇಲೆ ಅಲ್ಯೂಮಿನಿಯಮ್ಮಿನ ಏಣುಗಳಿರುವ ಈ ಪೆಟ್ಟಿಗೆಗೆ ವರ್ಕ್‌ಷಾಪಿನಲ್ಲಿ 'ಆರ್.ಆರ್. ಯೂನಿಟ್' ಎನ್ನುತ್ತಾರೆ. ಅದರ ಒಂದು ಭಾಗ ರೆಕ್ಟಿಫೈಯರ್. ಬಾವಿಯ ಪಂಪಿನ ಪೈಪಿನಲ್ಲಿರುವ ಫುಟ್‌ವಾಲ್ವು ನೀರನ್ನು ಮೇಲಕ್ಕೆ ಬಿಟ್ಟು ಕೆಳಕ್ಕೆ ಇಳಿಯಗೊಡದಂತೆ, ಇದರೊಳಗಿನ ಡಯೋಡುಗಳು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಇನ್ನೊಂದು ಭಾಗ ರೆಗ್ಯುಲೇಟರ್. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರನ್ನು ಕೋಡಿಯ ಮೂಲಕ ಹೊರಕ್ಕೆ ಬಿಟ್ಟು ಏರಿಯನ್ನು ಕಾಪಾಡುವಂತೆ, ಇದು ಒತ್ತಡವು ಸುಮಾರು 14.5 ವೋಲ್ಟನ್ನು ದಾಟದಂತೆ ನೋಡಿಕೊಳ್ಳುತ್ತದೆ. ಅನೇಕ ಗಾಡಿಗಳಲ್ಲಿ ಹೆಚ್ಚಾದ ವಿದ್ಯುತ್ತು ಬಿಸಿಯಾಗಿ ಕಳೆದುಹೋಗುತ್ತದೆ. ಗಾಡಿ ಓಡಿ ಬಂದ ಮೇಲೆ ಈ ಪೆಟ್ಟಿಗೆ ಕೈಗೆ ಬಿಸಿ ತಟ್ಟುವುದು ಈ ಕಾರಣಕ್ಕೇ. ಗಾಳಿ ಆಡಲೆಂದು ಕೊಟ್ಟ ಅದರ ಏಣುಗಳ ನಡುವೆ ಕೆಸರು ಮೆತ್ತಿಕೊಂಡಿದ್ದರೆ ಪೆಟ್ಟಿಗೆ ಬೆಂದು ಕೆಡುವ ಸಂಭವ ಹೆಚ್ಚು.

ಹೀಗೆ ಮ್ಯಾಗ್ನೆಟ್, ಕಾಯಿಲ್, ಆರ್.ಆರ್. ಯೂನಿಟ್, ಫ್ಯೂಸ್, ಬ್ಯಾಟರಿ ಎಂಬ ಐದು ಕೊಂಡಿಗಳ ಸರಪಳಿ ಇದು. ಯಾವ ಒಂದು ಕೊಂಡಿ ಸಡಿಲಿದರೂ ಬ್ಯಾಟರಿ ಬರಿದಾಗುತ್ತದೆ. ತಪ್ಪು ಕಾಯಿಲಿನದಾಗಿದ್ದರೂ ಶಿಕ್ಷೆ ಮಾತ್ರ ಬ್ಯಾಟರಿಗೆ.

ಸೀಸ ಮತ್ತು ಆಮ್ಲ

ಇನ್ನು ಬ್ಯಾಟರಿಯ ಒಳಗನ್ನು ನೋಡೋಣ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಣೆಗಳಿರುತ್ತವೆ. ಪ್ರತಿ ಕೋಣೆಯೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಒಂದೊಂದು ಕೋಣೆಯಲ್ಲಿಯೂ ಸೀಸದ ಫಲಕಗಳಿದ್ದು ಅವು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ತನ್ನು ಪಡೆಯುವಾಗ ಆಮ್ಲದಲ್ಲಿನ ಗಂಧಕದ ಅಂಶ ಫಲಕಗಳಿಗೆ ಸೇರಿ ಸೀಸದ ಸಲ್ಫೇಟ್ ಆಗುತ್ತದೆ, ಆಮ್ಲ ತೆಳುವಾಗುತ್ತದೆ. ವಿದ್ಯುತ್ತನ್ನು ಹಿಂದಕ್ಕೆ ತುಂಬಿದಾಗ ಆ ಸಲ್ಫೇಟ್ ಬಿಡಿಸಿಕೊಂಡು ಆಮ್ಲಕ್ಕೆ ಮರಳುತ್ತದೆ, ಫಲಕಗಳು ಮೊದಲಿನಂತಾಗುತ್ತವೆ. ಬ್ಯಾಟರಿಯಲ್ಲಿ ವಿದ್ಯುತ್ತನ್ನು ಕೂಡಿಡುವುದೆಂದರೆ ಈ ರಾಸಾಯನಿಕ ಬದಲಾವಣೆಯೇ.

ಇಲ್ಲಿ ಗಮನಿಸಬೇಕಾದ ಒಂದು ಮುಖ್ಯ ಸಂಗತಿಯಿದೆ. ಬರಿದಾದ ಬ್ಯಾಟರಿಯನ್ನು ಬೇಗನೆ ತುಂಬಿದರೆ ಸಲ್ಫೇಟ್ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಅದು ಗಟ್ಟಿಯಾದ ಹರಳುಗಳಾಗಿ ಫಲಕಕ್ಕೆ ಅಂಟಿಕೊಳ್ಳುತ್ತದೆ. ಅನಂತರ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಬಲ ಬಾರದು. ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿ ಬಹುದಿನ ಇಡುವುದೇ ಅದರ ಆಯಸ್ಸನ್ನು ಕಡಿಮೆ ಮಾಡುವ ದೊಡ್ಡ ಕಾರಣ. ಅತಿಯಾಗಿ ತುಂಬುವುದೂ ಕೇಡೇ. ಒತ್ತಡ 15 ವೋಲ್ಟನ್ನು ಮೀರಿದರೆ ಒಳಗಿನ ನೀರು ಒಡೆದು ಅನಿಲವಾಗಿ ಹೊರಹೋಗುತ್ತದೆ, ಫಲಕಗಳು ಒಣಗುತ್ತವೆ, ಕೆಲವೊಮ್ಮೆ ಬ್ಯಾಟರಿಯ ಮೈ ಉಬ್ಬುತ್ತದೆ.

ಹಳೆಯ ಗಾಡಿ, ಹೊಸ ಗಾಡಿ

'ನಮ್ಮ ತಂದೆಯವರ ಗಾಡಿಗೆ ಬ್ಯಾಟರಿಯೇ ಬೇಕಿರಲಿಲ್ಲ, ಈಗಿನದಕ್ಕೇಕೆ ಇಷ್ಟು ಉಪಚಾರ?' ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ಸಹಜವಾದದ್ದೇ. ಇದಕ್ಕೆ ಉತ್ತರ ನಮ್ಮ ನಾಡಿನ ಗಾಡಿಗಳ ಇತಿಹಾಸದಲ್ಲಿಯೇ ಇದೆ.

1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಗಾಡಿಗಳು ಹೊರಬರತೊಡಗಿದವು. ಮುಂದೆ ಅದೇ ಕಾರ್ಖಾನೆ ಯೆಜ್ಡಿ ಹೆಸರಿನ ಗಾಡಿಗಳನ್ನು ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಆ ಜಾವಾದಲ್ಲಿ ಇದ್ದದ್ದು 6 ವೋಲ್ಟಿನ ಡೈನಮೋ. ಅದರಲ್ಲಿ ಸುರುಳಿಯೇ ತಿರುಗುತ್ತಿತ್ತು, ಇದ್ದಲಿನ ಬ್ರಷ್ಷುಗಳು ಅದಕ್ಕೆ ಒತ್ತಿಕೊಂಡು ವಿದ್ಯುತ್ತನ್ನು ಹೊರಕ್ಕೆ ತರುತ್ತಿದ್ದವು. ಬ್ರಷ್ ಸವೆದರೆ ಚಾರ್ಜ್ ನಿಂತುಹೋಗುತ್ತಿತ್ತು. ಆ ಗಾಡಿಯನ್ನು ಸಾಕಿದ ಹಿರಿಯರಿಗೆ ಹೆಡ್‌ಲೈಟಿನ ಮೇಲಿನ ಪುಟ್ಟ ಚಾರ್ಜಿಂಗ್ ದೀಪದ ಮೇಲೆ ಸದಾ ಒಂದು ಕಣ್ಣಿರುತ್ತಿತ್ತು.

1984ರಲ್ಲಿ ಮಾಲೂರಿನ ಗಡಿಗೆ ದೂರವಿಲ್ಲದ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾದ ಸಿ.ಡಿ. 100, ಹೀಗೆ 100 ಸಿ.ಸಿ. ಗಾಡಿಗಳು ಬಂದವು. ಆ ಪೀಳಿಗೆಯ ಅನೇಕ ಗಾಡಿಗಳಲ್ಲಿ ಕಿಡಿ ಹಾರಿಸುವುದಕ್ಕೂ ಹೆಡ್‌ಲೈಟಿಗೂ ಮ್ಯಾಗ್ನೆಟ್ಟಿನ ಬೇರೆ ಬೇರೆ ಸುರುಳಿಗಳಿಂದಲೇ ವಿದ್ಯುತ್ತು ದೊರೆಯುತ್ತಿತ್ತು. ಆಕ್ಸಿಲರೇಟರ್ ತಿರುವಿದಾಗ ದೀಪ ಝಗ್ಗನೆ ಬೆಳಗಿ, ಬಿಟ್ಟಾಗ ಮಂಕಾಗುತ್ತಿದ್ದುದು ಇದರಿಂದಲೇ. ಬ್ಯಾಟರಿಗೆ ಉಳಿದದ್ದು ಹಾರನ್, ಇಂಡಿಕೇಟರ್, ಬ್ರೇಕ್ ದೀಪಗಳ ಕೆಲಸ ಮಾತ್ರ. ಅದು ಸತ್ತರೂ ಒಂದು ಕಿಕ್ಕಿಗೆ ಗಾಡಿ ಹೊರಡುತ್ತಿತ್ತು.

ಇಂದಿನ ಸ್ಥಿತಿ ಬೇರೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ, ಹಗಲಿನಲ್ಲಿಯೂ, ಮುಂದಿನ ದೀಪ ಉರಿಯುತ್ತದೆ. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಕಾರ್ಬ್ಯುರೇಟರಿನ ಜಾಗಕ್ಕೆ ಬಹುಮಟ್ಟಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಬಂದಿದೆ. ಪೆಟ್ರೋಲನ್ನು ಒತ್ತುವ ವಿದ್ಯುತ್ ಪಂಪು, ಎಷ್ಟು ಚಿಮ್ಮಿಸಬೇಕೆಂದು ಲೆಕ್ಕ ಹಾಕುವ ಪುಟ್ಟ ಕಂಪ್ಯೂಟರು, ಎಲ್ಲಕ್ಕೂ ವಿದ್ಯುತ್ತು ಬೇಕು. ಅನೇಕ ಗಾಡಿಗಳಲ್ಲಿ ಕಿಕ್ಕರನ್ನೇ ತೆಗೆದುಹಾಕಲಾಗಿದೆ. ಕೋಲಾರ ತಾಲ್ಲೂಕಿನದೇ ಆದ ನರಸಾಪುರದಲ್ಲಿ 2013ರಿಂದ ದ್ವಿಚಕ್ರ ವಾಹನಗಳನ್ನು ತಯಾರಿಸುತ್ತಿರುವ ಹೋಂಡಾ ಕಂಪನಿಯ ಕೆಲವು ಮಾದರಿಗಳಲ್ಲಿ ಬೇರೆ ಸೆಲ್ಫ್ ಮೋಟಾರೇ ಇಲ್ಲ. ವಿದ್ಯುತ್ತನ್ನು ಹುಟ್ಟಿಸುವ ಮ್ಯಾಗ್ನೆಟ್ ಮತ್ತು ಕಾಯಿಲೇ ಮೊದಲು ಬ್ಯಾಟರಿಯ ವಿದ್ಯುತ್ತನ್ನು ಪಡೆದು ಮೋಟಾರಿನಂತೆ ಎಂಜಿನ್ನನ್ನು ತಿರುಗಿಸಿ, ಅದು ಹೊತ್ತಿಕೊಂಡ ಮೇಲೆ ಮತ್ತೆ ವಿದ್ಯುತ್ತನ್ನು ಹುಟ್ಟಿಸುವ ಕೆಲಸಕ್ಕೆ ಮರಳುತ್ತವೆ. ಅಂದರೆ ಹಿಂದೆ ಅತಿಥಿಯಂತಿದ್ದ ಬ್ಯಾಟರಿ ಇಂದು ಮನೆಯ ಯಜಮಾನನಾಗಿದೆ. ಅದು ಮಲಗಿದರೆ ಗಾಡಿಯೇ ಮಲಗಿದಂತೆ.

ಡೇರಿಯವರೆಗಿನ ಓಟ

ಈಗ ಗಳಿಕೆ ಮತ್ತು ಖರ್ಚಿನ ಒಂದು ಲೆಕ್ಕ ಹಾಕೋಣ. ಅಂಕಿಗಳು ಗಾಡಿಯಿಂದ ಗಾಡಿಗೆ ಬದಲಾಗುತ್ತವೆ, ಆದರೆ ಲೆಕ್ಕದ ದಾರಿ ಒಂದೇ.

ಸುಗಟೂರಿನಲ್ಲಿ ಎರಡು ಹಸು ಕಟ್ಟಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಡೇರಿ ಒಂದು ಕಿಲೋಮೀಟರು ದೂರ, ಗಾಡಿಯಲ್ಲಿ ಎರಡು ನಿಮಿಷದ ದಾರಿ. ಗಾಡಿಯ ಬ್ಯಾಟರಿ 4 ಆಂಪಿಯರ್-ಗಂಟೆಯದು. ಸೆಲ್ಫ್ ಒತ್ತಿದಾಗ 3 ಸೆಕೆಂಡು 50 ಆಂಪಿಯರ್ ಖರ್ಚಾಗುತ್ತದೆಂದು ಇಟ್ಟುಕೊಳ್ಳೋಣ. ಒಂದು ಸಲಕ್ಕೆ ಖರ್ಚು 150 ಆಂಪಿಯರ್-ಸೆಕೆಂಡು. ಗಾಡಿ ಓಡುವಾಗ ದೀಪ, ಪಂಪು ಮುಂತಾದವುಗಳಿಗೆ ಕೊಟ್ಟು ಬ್ಯಾಟರಿಗೆ ಉಳಿಯುವುದು 1 ಆಂಪಿಯರ್ ಎನ್ನೋಣ. ತುಂಬುವಾಗ ಸ್ವಲ್ಪ ನಷ್ಟವಾಗುವುದರಿಂದ ಒಂದು ಸೆಲ್ಫಿನ ಖರ್ಚನ್ನು ತೀರಿಸಲು ಸುಮಾರು 3 ನಿಮಿಷ ಓಡಬೇಕು.

ಧನುರ್ಮಾಸದ ಚಳಿಯ ಮುಂಜಾನೆ ಎಂಜಿನ್ ಹೊತ್ತಿಕೊಳ್ಳಲು ಮೂರು ಸಲ ಸೆಲ್ಫ್ ಒತ್ತಬೇಕಾಯಿತು. ಹಾಲು ಅಳೆದು ಹಿಂದಿರುಗುವಾಗ ಇನ್ನೊಂದು ಸಲ. ಒಟ್ಟು ಖರ್ಚು 600. ಹೋಗಿ ಬರುವ ನಾಲ್ಕು ನಿಮಿಷದಲ್ಲಿ ಬ್ಯಾಟರಿಗೆ ಬಂದದ್ದು ನಷ್ಟ ಕಳೆದು 200. ಬೆಳಗಿನ ಕೊರತೆ 400. ಸಂಜೆ ಹೋಗುವಾಗ ಒಂದು, ಬರುವಾಗ ಒಂದು ಸೆಲ್ಫ್. ಖರ್ಚು 300, ಗಳಿಕೆ 200, ಕೊರತೆ 100. ದಿನಕ್ಕೆ 500 ಆಂಪಿಯರ್-ಸೆಕೆಂಡಿನ ಸಾಲ. ತುಂಬಿದ ಬ್ಯಾಟರಿಯಲ್ಲಿರುವುದು 14,400. ಅಂದಮೇಲೆ 29 ದಿನಕ್ಕೆ ಕಣಜ ಪೂರ್ತಿ ಖಾಲಿ! ಅರ್ಧ ಖಾಲಿಯಾದಾಗಲೇ ಸೆಲ್ಫ್ ಸೊರಗುವುದರಿಂದ ಕಷ್ಟವು ಎರಡು ವಾರಕ್ಕೇ ಆರಂಭವಾಗುತ್ತದೆ.

ಗಾಡಿ ದಿನವೂ ಓಡುತ್ತಿದೆ, ಆದರೂ ಬ್ಯಾಟರಿ ಸಾಯುತ್ತಿದೆ. ಹಳ್ಳಿಗಳಲ್ಲಿ ಕೇಳಿಬರುವ ಈ ಒಗಟಿಗೆ ಇದೇ ಬಿಡಿಸಿಕೆ. ಯಾವ ಭಾಗವೂ ಕೆಟ್ಟಿಲ್ಲ. ಚಿಕ್ಕ ಚಿಕ್ಕ ಓಟಗಳು ಖರ್ಚನ್ನು ತೀರಿಸುತ್ತಿಲ್ಲ ಅಷ್ಟೇ.

ಪರಿಹಾರವೂ ಈ ಲೆಕ್ಕದಲ್ಲಿಯೇ ಇದೆ. ವಾರದ ಕೊರತೆ 3,500. ಇದನ್ನು ತುಂಬಲು ವಾರಕ್ಕೆ ಸುಮಾರು 70 ನಿಮಿಷ ಬಿಡದೆ ಓಡಿಸಬೇಕು. ಬೆಳಗಿನ ಮೂರು ಪ್ರಯತ್ನಗಳನ್ನು ಒಂದಕ್ಕೆ ಇಳಿಸಿದರೆ ಕೊರತೆ ವಾರಕ್ಕೆ 1,400ಕ್ಕೆ ಇಳಿದು ಅರ್ಧ ಗಂಟೆಯ ಓಟ ಸಾಕಾಗುತ್ತದೆ. ಅದಕ್ಕಾಗಿ ಮಾಡಬೇಕಾದದ್ದು ಇಷ್ಟೇ: ಕಾರ್ಬ್ಯುರೇಟರ್ ಗಾಡಿಯಾದರೆ ಚೋಕ್ ಎಳೆಯುವುದು, ಇಂಜೆಕ್ಟರ್ ಗಾಡಿಯಾದರೆ ಬೀಗದ ಕೈ ತಿರುವಿ ಪಂಪಿನ ಸದ್ದು ನಿಲ್ಲುವವರೆಗೆ ಎರಡು ಮೂರು ಸೆಕೆಂಡು ಕಾಯುವುದು. ಕಿಕ್ಕರ್ ಇರುವ ಗಾಡಿಯಲ್ಲಿ ದಿನದ ಮೊದಲ ಆರಂಭವನ್ನು ಕಿಕ್ಕಿನಿಂದಲೇ ಮಾಡುವುದು ಎಲ್ಲಕ್ಕಿಂತ ಮೇಲು. ಸಂತೆಗೋ ಬ್ಯಾಂಕಿಗೋ ವಾರಕ್ಕೊಮ್ಮೆ ಕೋಲಾರಕ್ಕೆ ಹೋಗುವ ಕೆಲಸವಿದ್ದರೆ ಆ ಗಾಡಿಯಲ್ಲಿಯೇ ಹೋಗಿ ಬನ್ನಿ.

ಗಾಡಿಯನ್ನು ನಿಲ್ಲಿಸಿದಲ್ಲಿಯೇ ಹತ್ತು ನಿಮಿಷ ಓಡಬಿಟ್ಟರೆ ಚಾರ್ಜ್ ಆಗುವುದಿಲ್ಲವೇ ಎಂದು ಕೇಳಬಹುದು. ನಿಧಾನಗತಿಯಲ್ಲಿ ಹುಟ್ಟುವ ವಿದ್ಯುತ್ತು ಬಹುಮಟ್ಟಿಗೆ ದೀಪ ಮತ್ತು ಪಂಪಿಗೇ ಸರಿಹೋಗುತ್ತದೆ, ಬ್ಯಾಟರಿಗೆ ಉಳಿಯುವುದು ಅತ್ಯಲ್ಪ. ಪೆಟ್ರೋಲ್ ಮಾತ್ರ ಸುಡುತ್ತದೆ.

ಕಾಣದ ಖರ್ಚುಗಳು

ಕೆಲವು ಖರ್ಚುಗಳು ಕಣ್ಣಿಗೆ ಬೀಳುವುದಿಲ್ಲ. ಕಳ್ಳರ ಭಯಕ್ಕೆಂದು ಹಾಕಿಸಿದ ಅಲಾರಂ ದಿನದ 24 ಗಂಟೆಯೂ 5 ಮಿಲಿ ಆಂಪಿಯರ್ ಎಳೆಯುತ್ತಿದ್ದರೆ ತಿಂಗಳಿಗೆ 3.6 ಆಂಪಿಯರ್-ಗಂಟೆ ಖಾಲಿಯಾಗುತ್ತದೆ. ಊರಿಗೆ ಹೋಗಿ ತಿಂಗಳ ಮೇಲೆ ಬಂದವರ ಗಾಡಿ ಹೊರಡದಿರುವುದಕ್ಕೆ ಇಂಥ ಖರ್ಚೂ ಒಂದು ಕಾರಣ.

ಯುವಕರು ಆಸೆಯಿಂದ ಹಾಕಿಸುವ ಹೆಚ್ಚುವರಿ ದೀಪಗಳದು ಇನ್ನೊಂದು ಹೊರೆ. 20 ವಾಟಿನ ಎರಡು ದೀಪಗಳೆಂದರೆ 3 ಆಂಪಿಯರಿಗೂ ಹೆಚ್ಚು. ಬ್ಯಾಟರಿಗೆ ಉಳಿಯಬೇಕಾದ ಆ ಒಂದು ಆಂಪಿಯರ್ ಇದರಲ್ಲಿ ಕೊಚ್ಚಿಹೋಗಿ, ಓಡುತ್ತಿರುವಾಗಲೇ ಬ್ಯಾಟರಿ ಬರಿದಾಗತೊಡಗುತ್ತದೆ. ವೈರನ್ನು ಕೊಯ್ದು ಜೋಡಿಸಿದ ಜಾಗದಲ್ಲಿ ನೀರು ಸೇರಿ ತುಕ್ಕು ಹಿಡಿಯುವುದು ಬೇರೆ. ಬ್ರೇಕ್ ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸುವ ಅಭ್ಯಾಸವಿರುವವರು ಹಿಂದಿನ ದೀಪವನ್ನು ದಾರಿಯುದ್ದಕ್ಕೂ ಉರಿಸುತ್ತಲೇ ಇರುತ್ತಾರೆ. ಹಳೆಯ ಗಾಡಿಗಳಲ್ಲಿ ಎಂಜಿನ್ ನಿಲ್ಲಿಸಿ 35 ವಾಟಿನ ಹೆಡ್‌ಲೈಟಿನ ಬೆಳಕಿನಲ್ಲಿ ಹೊಲದ ಪಂಪ್‌ಸೆಟ್ ರಿಪೇರಿಗೆ ಕುಳಿತರೆ ಒಂದು ಗಂಟೆ ಕಳೆಯುವಷ್ಟರಲ್ಲಿ ಬ್ಯಾಟರಿ ಮುಗಿದಿರುತ್ತದೆ. ಅಂತಹ ಕೆಲಸಕ್ಕೆ ಕೈ ಟಾರ್ಚು ಲೇಸು.

ಮೂರು ಅಳತೆಗಳು

ಬ್ಯಾಟರಿ ಕೈಕೊಟ್ಟಾಗ ಹೊಸದಕ್ಕೆ ಹಣ ಕೊಡುವ ಮೊದಲು ಮೂರು ಅಳತೆಗಳನ್ನು ತೆಗೆದು ನೋಡಬೇಕು. ಇದಕ್ಕೆ ಬೇಕಾದದ್ದು ಒಂದು ಸಣ್ಣ ಮಲ್ಟಿಮೀಟರ್. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಅಗ್ಗದ ಬೆಲೆಗೆ ದೊರೆಯುತ್ತದೆ. ಮನೆಯಲ್ಲಿ ಐ.ಟಿ.ಐ. ಅಥವಾ ಪಿ.ಯು.ಸಿ. ವಿಜ್ಞಾನ ಓದುತ್ತಿರುವ ಮಗನಿಗೋ ಮಗಳಿಗೋ ಈ ಕೆಲಸ ಒಪ್ಪಿಸಿದರೆ ಅವರ ಪಾಠಕ್ಕೂ ಅನುಕೂಲ. ಮೀಟರನ್ನು ನೇರ ವಿದ್ಯುತ್ತಿನ 20 ವೋಲ್ಟ್ ಜಾಗಕ್ಕೆ ತಿರುಗಿಸಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೆ, ಕಪ್ಪು ಕಡ್ಡಿಯನ್ನು ಋಣ ತುದಿಗೆ ಮುಟ್ಟಿಸಬೇಕು.

ಮೊದಲನೆಯದು, ರಾತ್ರಿಯೆಲ್ಲ ನಿಂತ ಗಾಡಿಯ ಅಳತೆ. ಬೆಳಗ್ಗೆ ಬೀಗದ ಕೈ ತಿರುಗಿಸುವ ಮೊದಲು 12.6 ವೋಲ್ಟ್ ಅಥವಾ ಸ್ವಲ್ಪ ಹೆಚ್ಚಿದ್ದರೆ ಬ್ಯಾಟರಿ ತುಂಬಿದೆ. 12.2ರ ಸುಮಾರಿನಲ್ಲಿದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದು.

ಎರಡನೆಯದು, ಸೆಲ್ಫ್ ಒತ್ತಿದ ಕ್ಷಣದ ಅಳತೆ. ತುಂಬಿದ ಬ್ಯಾಟರಿಯಾಗಿದ್ದರೂ ಸೆಲ್ಫ್ ಒತ್ತಿದಾಗ 9.5 ವೋಲ್ಟಿಗಿಂತ ಕೆಳಕ್ಕೆ ಕುಸಿದರೆ ಬ್ಯಾಟರಿ ಒಳಗೆ ಸೊರಗಿದೆ ಅಥವಾ ಸೆಲ್ಫ್ ಮೋಟಾರು ಬಿಗಿದುಕೊಂಡಿದೆ ಎಂದು ಅರ್ಥ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಎಂಜಿನ್ ಓಡುತ್ತಿರುವಾಗ, ದೀಪ ಉರಿಯುತ್ತಿರುವಾಗ, ಆಕ್ಸಿಲರೇಟರನ್ನು ಸ್ವಲ್ಪ ತಿರುವಿ ಹಿಡಿದು ನೋಡಬೇಕು. 13.5ರಿಂದ 14.7ರ ನಡುವೆ ತೋರಿಸಿದರೆ ಚಾರ್ಜಿನ ಸರಪಳಿ ಸರಿಯಾಗಿದೆ. ನಿಂತಾಗಿನ ಅಳತೆಯೇ ಉಳಿದರೆ, ಅಥವಾ ಇಳಿಯುತ್ತ ಹೋದರೆ ಚಾರ್ಜ್ ಆಗುತ್ತಿಲ್ಲ. 15ನ್ನು ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಈ ಕೊನೆಯ ಎರಡು ಸಂದರ್ಭಗಳಲ್ಲಿ ಹೊಸ ಬ್ಯಾಟರಿ ಹಾಕಿದರೂ ಅದಕ್ಕೆ ಹಳೆಯದರ ಗತಿಯೇ.

ಚಾರ್ಜ್ ಆಗುತ್ತಿಲ್ಲವೆಂದು ಕಂಡಾಗ ಮೊದಲು ಫ್ಯೂಸನ್ನೂ ಬ್ಯಾಟರಿಯ ತುದಿಗಳ ಸ್ಕ್ರೂಗಳನ್ನೂ ನೋಡಿ. ಅನಂತರ ಕಾಯಿಲಿನಿಂದ ಆರ್.ಆರ್. ಯೂನಿಟ್ಟಿಗೆ ಬರುವ ವೈರುಗಳ ಜೋಡಣೆಯನ್ನು ಬಿಚ್ಚಿ ನೋಡಿ. ಅನೇಕ ಗಾಡಿಗಳಲ್ಲಿ ಇವು ಹಳದಿ ಬಣ್ಣದ ಮೂರು ವೈರುಗಳಾಗಿರುತ್ತವೆ. ಪ್ಲಾಸ್ಟಿಕ್ ಕನೆಕ್ಟರ್ ಕರಗಿ ಕಪ್ಪಾಗಿದ್ದರೆ ದೋಷ ಅಲ್ಲಿಯೇ ಸಿಕ್ಕಿದಂತೆ. ಅಲ್ಲಿಯೂ ಸರಿಯಿದ್ದರೆ ಮೆಕ್ಯಾನಿಕ್ಕಿನ ಬಳಿಗೆ ಹೋಗಬೇಕು. ಆತ ಎಂಜಿನ್ ಓಡಿಸಿ ಆ ಮೂರು ವೈರುಗಳಲ್ಲಿ ಎರಡೆರಡರ ನಡುವೆ ಪರ್ಯಾಯ ವಿದ್ಯುತ್ತನ್ನು ಅಳೆಯುತ್ತಾನೆ. ಮೂರು ಜೋಡಿಯಲ್ಲಿಯೂ ಅಳತೆ ಸಮನಾಗಿರಬೇಕು. ಒಂದರಲ್ಲಿ ಕಡಿಮೆಯಾದರೆ ಕಾಯಿಲ್ ಸುಟ್ಟಿದೆ. ಮೂರೂ ಸಮನಾಗಿದ್ದು ಬ್ಯಾಟರಿಗೆ ಮಾತ್ರ ಚಾರ್ಜ್ ಬಾರದಿದ್ದರೆ ಅನುಮಾನ ಆರ್.ಆರ್. ಯೂನಿಟ್ಟಿನ ಮೇಲೆ. 'ಮೊದಲು ಅಳೆದು ತೋರಿಸಪ್ಪಾ, ಆಮೇಲೆ ಬದಲಾಯಿಸು' ಎಂದು ಹೇಳುವ ಗ್ರಾಹಕನಿಗೆ ಅನಗತ್ಯ ಖರ್ಚು ಬರುವುದು ಅಪರೂಪ.

ಮನೆಯಲ್ಲಿ ಪಾಲಿಸಬೇಕಾದುವು

ಮುಚ್ಚಳ ತೆಗೆಯಬಹುದಾದ ಹಳೆಯ ಬಗೆಯ ಬ್ಯಾಟರಿಯಾದರೆ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಬೇಕು. ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಮ್ಮ ಜಿಲ್ಲೆಯ ಕೊಳವೆಬಾವಿಗಳ ನೀರು ಆಳದಿಂದ ಬರುವಂಥದು, ಅದರಲ್ಲಿ ಲವಣಗಳು ಬೆರೆತಿರುತ್ತವೆ. ಆ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಕುಡಿಯುವ ಬಾಟಲಿ ನೀರೂ ಇದಕ್ಕೆ ಆಗದು. ಆಮ್ಲವನ್ನು ಎಂದಿಗೂ ಮೇಲಿನಿಂದ ಸೇರಿಸಬಾರದು. ಮುಚ್ಚಿದ ಬಗೆಯ ಬ್ಯಾಟರಿಯನ್ನು ತೆರೆಯಲು ಹೋಗಲೇಬಾರದು.

ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡ ಬೆರೆಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಸವರಬೇಕು. ಬ್ಯಾಟರಿ ಬಿಚ್ಚುವಾಗ ಮೊದಲು ಋಣ ತುದಿ, ಕೂರಿಸುವಾಗ ಮೊದಲು ಧನ ತುದಿ, ಈ ಕ್ರಮವನ್ನು ತಪ್ಪಿಸಬಾರದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರನ್ನು ಕಳಚಿ ಪರೀಕ್ಷೆ ಮಾಡುವ ಹಳೆಯ ಪದ್ಧತಿ ಇಂದಿನ ಗಾಡಿಗಳಿಗೆ ಸಲ್ಲದು. ಒತ್ತಡ ಒಮ್ಮೆಲೇ ಏರಿ ಕಂಪ್ಯೂಟರು ಸುಟ್ಟುಹೋದರೆ ಅದರ ಬೆಲೆ ಬ್ಯಾಟರಿಯ ಬೆಲೆಯ ಹಲವು ಪಟ್ಟು.

ಬರಿದಾದ ಬ್ಯಾಟರಿಯನ್ನು ಅಂಗಡಿಯಲ್ಲಿ ಚಾರ್ಜಿಗೆ ಕೊಡುವಾಗ ಅವಸರ ಮಾಡಬಾರದು. 4 ಆಂಪಿಯರ್-ಗಂಟೆಯ ಬ್ಯಾಟರಿಗೆ 0.4 ಆಂಪಿಯರಿನಂತೆ ಹತ್ತು ಹನ್ನೆರಡು ಗಂಟೆ ನಿಧಾನವಾಗಿ ತುಂಬುವುದು ಸರಿಯಾದ ಕ್ರಮ. ಟ್ರ್ಯಾಕ್ಟರ್ ಬ್ಯಾಟರಿಗಳ ಸಾಲಿನಲ್ಲಿಟ್ಟು ಒಂದೇ ಗಂಟೆಯಲ್ಲಿ ತುಂಬಿಸಿ ಕೊಟ್ಟರೆ ಅದರ ಆಯಸ್ಸನ್ನು ಮೊಟಕು ಮಾಡಿದಂತೆ. ಚಾರ್ಜ್ ಆಗುವಾಗ ಹೊರಬರುವ ಜಲಜನಕ ಬೇಗನೆ ಹೊತ್ತಿಕೊಳ್ಳುವ ಅನಿಲ. ಆದ್ದರಿಂದ ಹತ್ತಿರದಲ್ಲಿ ಬೀಡಿ, ದೀಪ, ಒಲೆ ಇರಕೂಡದು. ಆಯುಧಪೂಜೆಯ ದಿನ ಗಾಡಿ ತೊಳೆದು ಹೂವು ಹಾಕುವ ಮೊದಲು ಸೀಟನ್ನು ಎತ್ತಿ ಬ್ಯಾಟರಿಯ ತುದಿಗಳನ್ನೂ ಒರೆಸಿ, ಮೂರು ಅಳತೆಗಳನ್ನು ತೆಗೆದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ವರ್ಷದಿಂದ ವರ್ಷಕ್ಕೆ ಬ್ಯಾಟರಿಯ ಆರೋಗ್ಯ ತಿಳಿಯುತ್ತದೆ.

ಹಳೆಯ ಬ್ಯಾಟರಿಯ ವಿಲೇವಾರಿ

ಯಾವ ಉಪಚಾರ ಮಾಡಿದರೂ ಬ್ಯಾಟರಿಗೆ ಒಂದು ದಿನ ಕೊನೆಯುಂಟು. ಆಗ ಅದನ್ನು ಹಿತ್ತಲಿಗೆ ಎಸೆಯುವುದಾಗಲೀ ಗೊತ್ತುಗುರಿಯಿಲ್ಲದ ಗುಜರಿಯವರಿಗೆ ಮಾರುವುದಾಗಲೀ ಬೇಡ. ಅದರೊಳಗಿನ ಸೀಸ ಕ್ರೂರವಾದ ವಿಷ. ಬಯಲಿನಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸುವ ಕಡೆ ಅದರ ಹೊಗೆ ಮತ್ತು ಧೂಳು ಮಕ್ಕಳ ಮೈ ಸೇರಿ ಮೆದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತವೆ. ಚೆಲ್ಲಿದ ಆಮ್ಲ ಮಣ್ಣನ್ನೂ ಕೆರೆಯನ್ನೂ ಕೆಡಿಸುತ್ತದೆ. 2001ರಿಂದಲೇ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಬಗ್ಗೆ ಕೇಂದ್ರ ಸರ್ಕಾರದ ನಿಯಮಗಳಿದ್ದವು. ಅವುಗಳ ಜಾಗಕ್ಕೆ 2022ರಲ್ಲಿ ಬಂದ ಹೊಸ ನಿಯಮಗಳು ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟು ಬೆಲೆಯಲ್ಲಿ ರಿಯಾಯಿತಿ ಪಡೆಯುವುದು ವಾಡಿಕೆ. ಇದರಿಂದ ಹಣವೂ ಉಳಿದೀತು, ಊರೂ ಉಳಿದೀತು. ಸೀಸವನ್ನು ಕರಗಿಸಿ ಮತ್ತೆ ಮತ್ತೆ ಬಳಸಲು ಸಾಧ್ಯವಿರುವುದರಿಂದ ಸರಿಯಾದ ಕೈ ಸೇರಿದ ಹಳೆಯ ಬ್ಯಾಟರಿ ಹೊಸದಾಗಿ ಹುಟ್ಟಿಬರುತ್ತದೆ.

ಸಂಸಾರದ ಲೆಕ್ಕಕ್ಕೂ ಬ್ಯಾಟರಿಯ ಲೆಕ್ಕಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಪಡೆದದ್ದನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸಿದರೆ ಕಣಜ ಎಂದಿಗೂ ಬರಿದಾಗದು. ಗಾಡಿಯನ್ನು ಮನೆಮಂದಿ ಹಂಚಿಕೊಂಡು ಬಳಸುವಂತೆಯೇ ಅದರ ಈ ಸಣ್ಣ ಲೆಕ್ಕವನ್ನೂ ಎಲ್ಲರೂ ತಿಳಿದಿರಲಿ. ಮುಂದಿನ ಭಾನುವಾರ ಬಿಡುವಾದಾಗ ಸೀಟನ್ನು ಎತ್ತಿ ಒಮ್ಮೆ ನೋಡಿ. ಬ್ಯಾಟರಿಯ ಮೇಲಿನ ಧೂಳು ಒರೆಸಿ, ಮೀಟರ್ ಇದ್ದರೆ ಮೊದಲ ಅಳತೆಯನ್ನು ಅಂದೇ ಬರೆದಿಡಿ.